ಸ್ಟಡ್‌ಲ್ಯಾಂಡ್ ಹೀತ್: ಯಾವ ಕಾಲಕ್ಕೆ ಯಾವ ದಿಬ್ಬ

ಇಂಗ್ಲೆಂಡಿನ ದಕ್ಷಿಣ ತೀರದ ಬೋರ್ನ್‌ಮತ್‌ಗೆ ಒಂದು ವರ್ಷದ ಮಟ್ಟಿಗೆ ಹೋಗಿರುವ ಗೆಳೆಯರ ಪ್ರಶ್ನೆ ನೋಡಿದೆ. ನವೆಂಬರಿನಲ್ಲಿ ಹಕ್ಕಿ ನೋಡಲು ಹೋಗಿ, ಹತ್ತಿರದ ಸ್ಟಡ್‌ಲ್ಯಾಂಡ್‌ನ ಮರಳುದಿಬ್ಬಗಳ ಹೀತ್‌ನಲ್ಲಿ (ಕುರುಚಲು ಪೊದೆಯ ಬಯಲಿನಲ್ಲಿ) ಮೂರು ಗಂಟೆ ಅಲೆದರೂ ಕಾಗೆ ಬಿಟ್ಟರೆ ಏನೂ ಕಾಣಲಿಲ್ಲ, ಬೇಸಿಗೆವರೆಗೂ ಕಾಯಬೇಕೇ ಅಂತ ಕೇಳಿದ್ದೀರಿ. ಖಂಡಿತ ಕಾಯಬೇಡಿ. ನಾನು ಆ ಕಡೆ ಇದ್ದಾಗ ನಾಲ್ಕು ವರ್ಷ ಎಲ್ಲ ಕಾಲದಲ್ಲೂ ಅಲ್ಲಿ ಸುತ್ತಿದ್ದೇನೆ. ಹಕ್ಕಿಗಳಿಗೆ ಬರವಿಲ್ಲ. ಆದರೆ ಒಂದೊಂದು ಕಾಲಕ್ಕೆ ಅವು ನೆಲದ ಒಂದೊಂದು ಪಟ್ಟಿಯಲ್ಲಿ ಸೇರಿಕೊಂಡಿರುತ್ತವೆ. ನೀವು ನಡೆದದ್ದು ನಡುವಿನ ಪಟ್ಟಿಯಲ್ಲಿ, ಅದೂ ಅದು ಖಾಲಿಯಂತೆ ಕಾಣುವ ತಿಂಗಳಲ್ಲಿ.

ಮೊದಲು ನೆಲ ಅರ್ಥ ಮಾಡಿಕೊಳ್ಳಿ. ದಿಬ್ಬಗಳು ಕಡಲಿಗೆ ಸಮಾನಾಂತರವಾಗಿ ಸಾಲುಸಾಲಾಗಿವೆ. ಕಡಲಂಚಿನದು ಹೊಸದು, ಅಲ್ಲಿ ಮ್ಯಾರಮ್ ಹುಲ್ಲು. ಒಳಕ್ಕೆ ಹೋದಷ್ಟೂ ದಿಬ್ಬ ಹಳೆಯದು. ಈ ಮರಳಿನಲ್ಲಿ ಚಿಪ್ಪಿನ ಸುಣ್ಣ ಬಹಳ ಕಡಿಮೆ, ಮಣ್ಣು ಹುಳಿ. ಅದಕ್ಕೇ ಇಲ್ಲಿ ಹೆದರ್ ಎಂಬ ಕುಳ್ಳ ಪೊದೆ ಹಬ್ಬಿದೆ. ತಗ್ಗುಗಳಲ್ಲಿ ಜೌಗು, ವಿಲ್ಲೋ ಗಿಡ. ಅದರಾಚೆ ಲಿಟಲ್ ಸೀ, ದಿಬ್ಬ ಬೆಳೆಯುತ್ತ ಕಡಲಿನಿಂದ ಬೇರ್ಪಟ್ಟು ಸಿಹಿನೀರಾದ ಕೆರೆ. 1930ರ ದಶಕದಲ್ಲಿ ಸಿರಿಲ್ ಡೈವರ್ ಎಂಬ ನಿಸರ್ಗಾಸಕ್ತರು ಇಲ್ಲಿನ ಜೀವಿಗಳನ್ನು ಎಲ್ಲೆಲ್ಲಿ ಸಿಕ್ಕವು ಎಂಬುದರ ಸಮೇತ ದಾಖಲಿಸಿದರು. ನೀವೂ ಪುಸ್ತಕದಲ್ಲಿ ಹಕ್ಕಿಯ ಹೆಸರಿನ ಪಕ್ಕ ಯಾವ ದಿಬ್ಬ, ಯಾವ ಗಿಡ ಅಂತ ಬರೆಯಿರಿ. ಎರಡು ತಿಂಗಳಲ್ಲಿ ಲೆಕ್ಕ ತಾನಾಗಿ ಸಿಗುತ್ತದೆ.

ಈಗ ಚಳಿಗಾಲ, ಹೀತ್ ಬಿಟ್ಟು ನೀರಿನ ಕಡೆ ನಡೆಯಿರಿ. ಸ್ಟಡ್‌ಲ್ಯಾಂಡ್ ಕೊಲ್ಲಿಯ ಮುಖ ಪೂರ್ವಕ್ಕೆ. ಬೆಳಿಗ್ಗೆ ಹೋದರೆ ಬಿಸಿಲು ಕಣ್ಣಿಗೇ ಹೊಡೆದು ಹಕ್ಕಿಗಳೆಲ್ಲ ಕಪ್ಪು ಚುಕ್ಕೆಯಾಗುತ್ತವೆ. ಮಧ್ಯಾಹ್ನದ ಮೇಲೆ ಹೋಗಿ, ಸೂರ್ಯ ಬೆನ್ನಿಗಿರುತ್ತಾನೆ. ಪಶ್ಚಿಮದ ಗಾಳಿಗೆ ನೆಲವೇ ಅಡ್ಡವಾಗಿ ನೀರು ಸಮನಾಗಿರುತ್ತದೆ. ಕಪ್ಪು ಕತ್ತಿನ ಗುಳುಮುಳುಕ, ಗ್ರೇಟ್ ನಾರ್ದರ್ನ್ ಡೈವರ್ ಎಂಬ ದೊಡ್ಡ ಮುಳುಗುಹಕ್ಕಿ, ಕೆಂಪೆದೆಯ ಮರ್ಗಾನ್ಸರ್ ಬಾತು ಹುಡುಕಿ. ಮುಳುಗಿದ ಹಕ್ಕಿ ಬೇರೆಲ್ಲೋ ಏಳುತ್ತದೆ, ಆದ್ದರಿಂದ ಒಂದೇ ಕಡೆ ನಿಂತು ನಿಧಾನವಾಗಿ ಮೂರು ಸಲ ಸ್ಕೋಪ್ ತಿರುಗಿಸಿ. ಅಲೆಯಂಚಿನಲ್ಲಿ ಓಡಾಡುವ ಬಿಳಿಚ ಸಣ್ಣ ಹಕ್ಕಿಗಳು ಸ್ಯಾಂಡರ್ಲಿಂಗ್. ಅದೇ ತೀರದಲ್ಲಿ ಬಟ್ಟೆಯಿಲ್ಲದೆ ಇರಲು ಅವಕಾಶವಿರುವ ಭಾಗವಿದೆ, ಫಲಕ ಇದೆ. ಅಲ್ಲಿ ದುರ್ಬೀನು ಚೀಲದೊಳಗೇ ಇರಲಿ.

ಬೆಳಗಿನ ಹೊತ್ತು ಬೇಕಿದ್ದರೆ ಹಿಂಬದಿಯ ಬ್ರ್ಯಾಂಡ್ಸ್ ಬೇ ಕಡೆ ಹೋಗಿ, ಅದು ಪೂಲ್ ಹಾರ್ಬರ್ ಎಂಬ ದೊಡ್ಡ ಬಂದರು ಕೊಲ್ಲಿಗೆ ಸೇರಿದ್ದು. ಸೈಬೀರಿಯಾದಿಂದ ಬಂದ ಬ್ರೆಂಟ್ ಹೆಬ್ಬಾತು, ಅವೊಸೆಟ್ ಸಿಗುತ್ತವೆ. ಹಾರ್ಬರ್‌ನಲ್ಲಿ ಒಂದರ ಬೆನ್ನಿಗೇ ಇನ್ನೊಂದು ಎಂಬಂತೆ ಎರಡೆರಡು ಉಬ್ಬರ ಬರುವುದರಿಂದ ನೀರು ಬಹಳ ಹೊತ್ತು ಇಳಿಯುವುದೇ ಇಲ್ಲ. ಕೆಸರು ತೆರೆದುಕೊಳ್ಳುವ ಇಳಿತದ ಸಮಯ ನೋಡಿಕೊಂಡು ಹೊರಡಿ.

ಮಾರ್ಚಿಗೆ ಹೀತ್‌ಗೆ ಮರಳಿ. ಪೈನ್ ಮರಗಳ ಅಂಚಿನಲ್ಲಿ ವುಡ್‌ಲಾರ್ಕ್ ಮೇಲಿನಿಂದ ಇಳಿಸ್ವರದಲ್ಲಿ ಹಾಡುತ್ತದೆ. ನೀವು ಮುಖ್ಯವಾಗಿ ನೋಡಬೇಕಾದ್ದು ಡಾರ್ಟ್‌ಫರ್ಡ್ ವಾರ್ಬ್ಲರ್. ಚಳಿಗಾಲದಲ್ಲೂ ವಲಸೆ ಹೋಗದೆ ಜೇಡ, ಹುಳ ತಿಂದೇ ಬದುಕುವ ಹತ್ತು ಗ್ರಾಮಿನ ಹಕ್ಕಿ. 1962–63ರ ಭೀಕರ ಚಳಿಯ ನಂತರ ಇಡೀ ಬ್ರಿಟನ್ನಿನಲ್ಲಿ ಉಳಿದದ್ದು ಸುಮಾರು ಹತ್ತು ಜೋಡಿ. ಅದನ್ನು ನೆನೆದಾಗಲೆಲ್ಲ, ಗಾರ್ಸ್ ಎಂಬ ಮುಳ್ಳುಪೊದೆಯ ತುದಿಯಲ್ಲಿ ಉದ್ದ ಬಾಲ ಎತ್ತಿ ಕೂತ ಒಂದು ಗಂಡು ಕಂಡರೂ ನನಗೆ ಆ ದಿನ ಸಾಕು ಅನ್ನಿಸುತ್ತದೆ. ಗಾಳಿಯಿದ್ದರೆ ಅದು ಮೇಲೆ ಬರುವುದೇ ಇಲ್ಲ. ಏಪ್ರಿಲಿನ ಗಾಳಿಯಿಲ್ಲದ ಬಿಸಿಲಿನ ಬೆಳಗು ಆರಿಸಿಕೊಳ್ಳಿ. ಇನ್ನೊಂದು ಉಪಾಯ: ಮೊದಲು ಸ್ಟೋನ್‌ಚ್ಯಾಟ್ ಹುಡುಕಿ. ಎರಡು ಕಲ್ಲು ತಟ್ಟಿದಂತೆ ಕೂಗುತ್ತ ಎತ್ತರದಲ್ಲೇ ಕೂರುವುದರಿಂದ ಬೇಗ ಕಾಣುತ್ತದೆ. ವಾರ್ಬ್ಲರ್ ಎಷ್ಟೋ ಸಲ ಅದರ ಹಿಂದೆಯೇ ಪೊದೆಯಿಂದ ಪೊದೆಗೆ ಸಾಗುತ್ತದೆ. ಗೊರಗೊರ ಎನ್ನುವ ಚಿಕ್ಕ ಕೂಗು ಕೇಳಿದರೆ ನಿಂತುಬಿಡಿ. ಮುಂದಿನ ಪೊದೆಯ ಮೇಲೆ ಕಣ್ಣಿಡಿ, ಇದ್ದ ಪೊದೆಯ ಮೇಲಲ್ಲ.

ಧ್ವನಿಮುದ್ರಿಕೆ ಹಾಕಿ ಕರೆಯಬೇಡಿ. ಡಾರ್ಟ್‌ಫರ್ಡ್ ವಾರ್ಬ್ಲರ್‌ಗೂ ವುಡ್‌ಲಾರ್ಕ್‌ಗೂ ಬ್ರಿಟನ್ನಿನ 1981ರ ವನ್ಯಜೀವಿ ಕಾಯ್ದೆಯ ವಿಶೇಷ ರಕ್ಷಣೆಯಿದೆ, ಗೂಡಿನ ಬಳಿ ತೊಂದರೆ ಕೊಡುವುದು ಅಪರಾಧ. ಹಾದಿ ಬಿಟ್ಟು ಇಳಿಯಬೇಡಿ. ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಗೆ ಹಗ್ಗ ಕಡ್ಡಾಯ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಉಣುಗು ಕಚ್ಚಿದರೆ ಲೈಮ್ ರೋಗದ ಅಪಾಯವಿದೆ. ಮಾರ್ಚಿನಲ್ಲಿ ಬಿಸಿಲು ಕಾಯುವ ಆ್ಯಡರ್ ಹಾವೂ ಹಾದಿಯಂಚಿನಲ್ಲಿರುತ್ತದೆ.

ಬೇಸಿಗೆಯೆಂದರೆ ಹಗಲಲ್ಲ, ಮುಸ್ಸಂಜೆ. ಆಫ್ರಿಕಾದಿಂದ ಬರುವ ನತ್ತಿಂಗಗಳು (ನೈಟ್‌ಜಾರ್) ಮೇ ನಡುವಿನ ಹೊತ್ತಿಗೆ ನೆಲೆ ನಿಲ್ಲುತ್ತವೆ. ಜೂನಿನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂಕಾಲರ ಮೇಲೆ. ಅದಾಗಿ ಅರ್ಧ ಗಂಟೆಗೆ ನೂಲುವ ರಾಟೆಯಂಥ ಸದ್ದು ಶುರುವಾಗುತ್ತದೆ. ನಿಮಿಷಗಟ್ಟಲೆ ನಿಲ್ಲುವುದಿಲ್ಲ, ನಡುನಡುವೆ ಸ್ವರ ಮಾತ್ರ ಬದಲಾಗುತ್ತದೆ. ಸದ್ದಿನ ಕಡೆ ನಡೆಯಬೇಡಿ. ಹೆದರ್ ಮತ್ತು ಒಂಟಿ ಪೈನ್‌ಗಳು ಸೇರುವಲ್ಲಿ, ಬೆಳಕುಳಿದ ವಾಯವ್ಯಕ್ಕೆ ಮುಖ ಮಾಡಿ ನಿಲ್ಲಿ. ಸದ್ದು ತಟ್ಟನೆ ನಿಂತು ಚಪ್ಪಾಳೆಯಂತೆ ರೆಕ್ಕೆ ಬಡಿದರೆ ತಕ್ಷಣ ಆಕಾಶ ನೋಡಿ: ಗಂಡಿನ ರೆಕ್ಕೆಯಲ್ಲಿ ಬಿಳಿ ಮಚ್ಚೆ ಕಾಣುತ್ತದೆ. ಮೊಟ್ಟೆಯಿಡುವುದು ಬರಿ ನೆಲದ ಮೇಲೆ, ಟಾರ್ಚ್ ಹಿಡಿದು ಹುಡುಕುವುದು ಬೇಡವೇ ಬೇಡ. ಹಾರ್ಬರ್ ಬಾಯಿ ದಾಟಿಸುವ ಸ್ಯಾಂಡ್‌ಬ್ಯಾಂಕ್ಸ್‌ನ ಸರಪಳಿ ದೋಣಿಯ ಕೊನೆಯ ಸಮಯ ನೋಡಿಕೊಂಡಿರಿ, ತಪ್ಪಿದರೆ ವೇರ್ಹಮ್ ಊರು ಸುತ್ತಿ ಮನೆ ಸೇರಬೇಕು.

ಹಗಲಲ್ಲೇ ಹೋಗಬೇಕೆಂದರೆ ಲಿಟಲ್ ಸೀ ದಂಡೆ: ಏರೋಪ್ಲೇನ್ ಚಿಟ್ಟೆಗಳನ್ನು ಹಾರುತ್ತಲೇ ಹಿಡಿದು ತಿನ್ನುವ ಹಾಬಿ ಚಾಣ ಸಿಗಬಹುದು. 2025ರ ಮಾರ್ಚಿನಲ್ಲಿ ಆ ಕೆರೆಗೆ ಬೀವರ್‌ಗಳನ್ನೂ ಬಿಟ್ಟಿದ್ದಾರೆ.

ಆಗಸ್ಟ್–ಸೆಪ್ಟೆಂಬರಿನಲ್ಲಿ ಹೊರಟುನಿಂತ ವೀಟಿಯರ್ ಎಂಬ ಸಣ್ಣ ವಲಸೆ ಹಕ್ಕಿಗಳು ಕಡಲಂಚಿನ ದಿಬ್ಬದ ಬರಿ ಮರಳಲ್ಲಿ ತಂಗುತ್ತವೆ. ಹಾರ್ಬರ್ ಮೇಲೆ ಮೀನುಡೇಗೆ ನೋಡಲೂ ಅದೇ ಸಮಯ. 2017ರಲ್ಲಿ ಅವನ್ನು ಮತ್ತೆ ತಂದು ನೆಲೆಗೊಳಿಸುವ ಕೆಲಸ ಶುರುವಾಗಿ, 2022ರಲ್ಲಿ ಅಲ್ಲಿ ಮರಿಯೂ ಆಯಿತು.

ಈ ಶನಿವಾರ ಬಿಡುವಿದ್ದರೆ ಮಧ್ಯಾಹ್ನ ಒಂದಕ್ಕೆ ಕೊಲ್ಲಿಯ ದಂಡೆಗೆ ಹೋಗಿ ಎರಡು ಗಂಟೆ ನಿಲ್ಲಿ. ಗುರುತು ಸಿಗದ ಹಕ್ಕಿಯ ಚಿತ್ರ ಮಸುಕಾಗಿದ್ದರೂ ಇಲ್ಲಿ ಹಾಕಿ. ಕೊಕ್ಕಿನ ಆಕಾರವೊಂದು ಕಂಡರೂ ಡೈವರ್ ಯಾವುದು, ನೀರುಕಾಗೆ ಯಾವುದು ಅಂತ ಹೇಳಬಹುದು.