ಬ್ಯಾಗಿನ ಜೇಬಲ್ಲಿ ಉಳಿದ ಮಾತ್ರೆ

ಪ್ರಶ್ನೆ: ನನ್ನ ತಮ್ಮ ಮಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದಾಗ ಮಲೇರಿಯಾ ಬಂತು. ಚೀಟಿಯಲ್ಲಿ ವೈವಾಕ್ಸ್ ಅಂತಿದೆ. ಮಾತ್ರೆ ತಗೊಂಡು ವಾಸಿಯಾಗಿತ್ತು. ಬೆಂಗಳೂರಿಗೆ ಬಂದು ಎರಡು ತಿಂಗಳಿಗೆ ಮತ್ತೆ ಅದೇ ಚಳಿಜ್ವರ. ಈಗಿನ ಮಲೇರಿಯಾಕ್ಕೆ ಮಾತ್ರೆ ನಾಟುವುದೇ ಇಲ್ಲ ಅಂತಾರೆ ಪಕ್ಕದ ಮನೆಯವರು. ನಿಜವೇ ಡಾಕ್ಟರೇ? ಲಸಿಕೆ ಹಾಕಿಸಬಹುದಾ?
– ಒಬ್ಬ ಅಕ್ಕ, ಲಗ್ಗೆರೆ

ಉತ್ತರ: ಮೊದಲು ತಮ್ಮನ ಬ್ಯಾಗಿನ ಜೇಬು ತಡಕಿ ನೋಡಿ. ಹೀಗೇ ಜ್ವರ ಮರುಕಳಿಸಿದ ಹುಡುಗನೊಬ್ಬ ನನ್ನ ಕ್ಲಿನಿಕ್ಕಿಗೆ ಬಂದಿದ್ದ. ಮಾತ್ರೆ ತಗೊಂಡ್ಯಾ ಅಂದೆ. ಮಡಚಿದ ಶೀಟೊಂದನ್ನು ಟೇಬಲ್ ಮೇಲಿಟ್ಟ. ಹದಿನಾಲ್ಕರಲ್ಲಿ ನಾಲ್ಕು ಖಾಲಿ, ಹತ್ತು ಹಾಗೇ ಇತ್ತು. "ಜ್ವರ ಬಿಟ್ಟಿತ್ತಲ್ಲ ಮೇಡಂ, ಇನ್ಯಾಕೆ ಸುಮ್ನೆ ಅಂತ..." ಅಂದ.

ವೈವಾಕ್ಸ್ ಅನ್ನುವುದು ಮಲೇರಿಯಾದ ಒಂದು ಜಾತಿ, ಅದಕ್ಕೆ ಎರಡು ಔಷಧಿ. ಮೂರು ದಿನದ ಕ್ಲೋರೋಕ್ವಿನ್ ರಕ್ತದಲ್ಲಿರುವ ರೋಗಾಣುವನ್ನು ಕೊಲ್ಲುತ್ತದೆ, ಜ್ವರ ಬಿಡುತ್ತದೆ. ಆದರೆ ಒಂದಷ್ಟು ರೋಗಾಣು ಪಿತ್ತಜನಕಾಂಗದಲ್ಲಿ ಮಲಗಿರುತ್ತವೆ, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಏಳುತ್ತವೆ. ಹದಿನಾಲ್ಕು ದಿನದ ಪ್ರೈಮಾಕ್ವಿನ್ ಇರುವುದು ಅವಕ್ಕೇ. ನಮ್ಮಲ್ಲಿ ವೈವಾಕ್ಸ್‌ಗೆ ಕ್ಲೋರೋಕ್ವಿನ್ ಈಗಲೂ ನಾಟುತ್ತದೆ. ಹಾಗಾಗಿ ನನ್ನ ಗುಮಾನಿ ಅರ್ಧಕ್ಕೆ ಬಿಟ್ಟ ಶೀಟಿನ ಮೇಲೆ. ಹೊಸದಾಗಿ ಸೊಳ್ಳೆ ಕಚ್ಚಿಯೂ ಬಂದಿರಬಹುದು. ಅದಕ್ಕೇ ಇವತ್ತೇ ರಕ್ತ ಪರೀಕ್ಷೆ ಮಾಡಿಸಿ. ಉಳಿದ ಮಾತ್ರೆ ನೀವೇ ಕೊಡಬೇಡಿ. ಜಿ6ಪಿಡಿ ಅನ್ನುವ ಕಿಣ್ವ ಕಡಿಮೆ ಇರುವವರಿಗೆ ಪ್ರೈಮಾಕ್ವಿನ್‌ನಿಂದ ರಕ್ತಕಣ ಒಡೆಯುತ್ತವೆ. ಮೂತ್ರ ಕಾಫಿ ಡಿಕಾಕ್ಷನ್ ಥರ ಕಪ್ಪಾದರೆ ಮಾತ್ರೆ ನಿಲ್ಲಿಸಿ ಡಾಕ್ಟರ ಹತ್ತಿರ ಓಡಬೇಕು.

ಪಕ್ಕದ ಮನೆಯವರದ್ದು ಪೂರ್ತಿ ಸುಳ್ಳಲ್ಲ. ಫಾಲ್ಸಿಪಾರಂ ಅನ್ನುವ ಇನ್ನೊಂದು ಮಲೇರಿಯಾ ಇದೆ, ಜೀವಕ್ಕೆ ಜಾಸ್ತಿ ಅಪಾಯ ಅದರದ್ದೇ. ಕ್ಲೋರೋಕ್ವಿನ್‌ಗೆ ಅದು ಬಗ್ಗದ್ದು ನಮ್ಮ ದೇಶದಲ್ಲಿ ಮೊದಲು ಕಂಡದ್ದು 1973ರಲ್ಲಿ, ಅಸ್ಸಾಮಿನಲ್ಲಿ. ಈಗ ಅದಕ್ಕೆ ಜೋಡಿ ಔಷಧಿ. ಆರ್ಟಿಮಿಸಿನಿನ್ ಜಾತಿಯದ್ದು ಬೇಗ ಬಡಿದು, ಬೇಗ ಮೈಯಿಂದ ಹೋಗಿಬಿಡುತ್ತದೆ. ಜೊತೆಯದ್ದು ದಿನಗಟ್ಟಲೆ ಉಳಿದು ಮಿಕ್ಕವನ್ನು ಮುಗಿಸುತ್ತದೆ. ಈಶಾನ್ಯ ರಾಜ್ಯಗಳಲ್ಲಿ ಆ ಜೊತೆಗಾರನೇ ಸೋತಿತು, 2013ರಲ್ಲಿ ಅಲ್ಲಿಗೆ ಬೇರೆ ಜೋಡಿ ತಂದರು. ಕಾಂಬೋಡಿಯಾ, ರುವಾಂಡಾ, ಉಗಾಂಡಾದಲ್ಲಿ ಆರ್ಟಿಮಿಸಿನಿನ್‌ಗೂ ರೋಗಾಣು ಮೊದಲಿನಷ್ಟು ಬೇಗ ಸಾಯುತ್ತಿಲ್ಲ. ಅರೆಬರೆ ಔಷಧಿಯಲ್ಲಿ ಸಾಯುವುದು ಮೆದು ಜಾತಿ, ಉಳಿದು ಮರಿ ಹಾಕುವುದು ಗಟ್ಟಿಪಿಂಡ.

ಲಸಿಕೆ ಬಂದಿರುವುದು ಹೌದು. ಆರ್21 ಅಂತ, ತಯಾರಾಗುವುದು ನಮ್ಮ ಪುಣೆಯಲ್ಲೇ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಆದರೆ ಅದು ಫಾಲ್ಸಿಪಾರಂಗೆ, ಕೊಡುತ್ತಿರುವುದು ಆಫ್ರಿಕಾದ ಪುಟ್ಟ ಮಕ್ಕಳಿಗೆ. ನಿಮ್ಮ ತಮ್ಮನಿಗಲ್ಲ. ಕೀಟನಾಶಕಕ್ಕೆ ಸೊಳ್ಳೆಯೂ ಒಗ್ಗಿಕೊಂಡಿದೆ ಅಂತ ಎರಡು ಔಷಧಿ ಸವರಿದ ಪರದೆಗಳೂ ಬಂದಿವೆ.

ನಿಮ್ಮ ಮನೆಗೆ ಸದ್ಯ ಬೇಕಿರುವುದು ಇಷ್ಟು ದೊಡ್ಡದೇನಲ್ಲ. ಪೇಟೆಯ ಮಲೇರಿಯಾ ಸೊಳ್ಳೆ ಚರಂಡಿಯದ್ದಲ್ಲ, ಸಂಪು, ಮಹಡಿ ಮೇಲಿನ ಟ್ಯಾಂಕ್, ಬಾವಿಯ ಶುದ್ಧ ನೀರಿನದ್ದು. ಮಲೇರಿಯಾ ಹರಡುವುದು ಸೊಳ್ಳೆಯಿಂದ ಅಂತ 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್, 1883ರಲ್ಲಿ ನಮ್ಮ ಬೆಂಗಳೂರಲ್ಲೇ ಡಾಕ್ಟರಾಗಿದ್ದ. ನಿಂತ ನೀರು ತೆಗೆದರೆ ಸೊಳ್ಳೆ ಕಡಿಮೆಯಾಗುತ್ತದೆ ಅಂತ ಅವನಿಗೆ ಹೊಳೆದದ್ದು ಇಲ್ಲೇ. ಮಾಳಿಗೆ ಹತ್ತಿ ಟ್ಯಾಂಕಿನ ಮುಚ್ಚಳ ನೋಡಿ. ಬಿಸಿಲಿಗೆ ಸೀಳಿರುತ್ತದೆ, ಮೇಲೊಂದು ಕಲ್ಲು ಹೇರಿರುತ್ತಾರೆ, ಅಲ್ವಾ? ಸೊಳ್ಳೆಗೆ ಆ ಸೀಳು ಸಾಕು.

ತಮ್ಮನ ರಕ್ತದಲ್ಲಿ ರೋಗಾಣು ಇದ್ದರೆ, ಅವನನ್ನು ಕಚ್ಚಿದ ಸೊಳ್ಳೆ ಮುಂದೆ ನಿಮ್ಮನ್ನೂ ಕಚ್ಚೀತು. ರಾತ್ರಿ ಅವನನ್ನು ಪರದೆಯೊಳಗೆ ಮಲಗಿಸಿ. ಲ್ಯಾಬಿಗೆ ಹೋಗುವಾಗ ಹಳೇ ಚೀಟಿ ಒಯ್ಯಲಿ. ಶೀಟು ಸಿಕ್ಕರೆ ಅದನ್ನೂ ಡಾಕ್ಟರಿಗೆ ತೋರಿಸಲಿ, ಬೈಸಿಕೊಳ್ಳುತ್ತೇನೆ ಅಂತ ಮುಚ್ಚಿಡುವುದು ಬೇಡ.