ವಿಯೆನ್ನಾದ ವಿಶ್ವವಿದ್ಯಾಲಯ ಚರ್ಚಿನ ಗುಮ್ಮಟ ಒಳಗೆ ಕಾಣುತ್ತದೆ, ಹೊರಗೆ ಏಕೆ ಕಾಣುವುದಿಲ್ಲ?

ಏಕೆಂದರೆ ಅಲ್ಲಿ ಗುಮ್ಮಟವೇ ಇಲ್ಲ. ನೀವು ಕಂಡದ್ದು ಕಮಾನು ಛಾವಣಿಯ ಮೇಲೆ ಬರೆದ ಚಿತ್ರ. ಯೇಸು ಸಭೆಯ ಪಾದ್ರಿಗಳ ಕಾಲೇಜು ವಿಯೆನ್ನಾ ವಿಶ್ವವಿದ್ಯಾಲಯದೊಡನೆ ಕೂಡಿದ ಹೊತ್ತಿನಲ್ಲಿ, 1623ರಿಂದ 1627ರವರೆಗೆ ಕಟ್ಟಿದ ಈ ಚರ್ಚನ್ನು ಇಟಲಿಯ ಆಂದ್ರೆಯಾ ಪೊಜ್ಜೊ 1703ರ ನಂತರ ಹೊಸದಾಗಿ ಅಲಂಕರಿಸಿದನು. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆಗಳನ್ನು ಚಿತ್ರಿಸಿದ ಮೊಸ್ಕೆನಿಯಂತೆ ಇವನೂ ಅದೇ ಸಭೆಯ ಬ್ರದರ್, ದೀಕ್ಷೆ ಪಡೆದ ಪಾದ್ರಿಯಲ್ಲ.

ನೋಡುವವನ ಕಣ್ಣು ಎಲ್ಲಿರುತ್ತದೆ ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡು, ನಿಜವಾದ ಗುಮ್ಮಟವಿದ್ದಿದ್ದರೆ ಅದರ ಕಂಬ, ಕಿಟಕಿ, ಅಂಚುಗಳು ಆ ಒಂದು ಬಿಂದುವಿಗೆ ಹೇಗೆ ಕಾಣುತ್ತಿದ್ದವೋ ಹಾಗೆಯೇ ಗೆರೆಗಳನ್ನು ಓರೆಯಾಗಿ, ಉದ್ದುದ್ದಕ್ಕೆ ಎಳೆದು ಬರೆಯುವುದೇ ಇದರ ಗುಟ್ಟು. ಆದ್ದರಿಂದ ಬಾಗಿಲ ಕಡೆಯ ಸರಿಯಾದ ಜಾಗದಲ್ಲಿ ನಿಂತಾಗ ಮೇಲೆ ಆಳವಾದ, ಬೆಳಕು ಇಳಿಯುವ ಪೊಳ್ಳು ಕಾಣಿಸಿದರೆ, ಬಲಿಪೀಠದತ್ತ ನಡೆಯುತ್ತಾ ಹೋದಂತೆ ಅದೇ ಗುಮ್ಮಟ ವಾಲಿ, ಕೊನೆಗೆ ಸೊಟ್ಟಗಾದ ಬಣ್ಣದ ಪಟ್ಟಿಯಾಗುತ್ತದೆ. ಆ ಸೊಟ್ಟ ನೋಟವೇ ನನಗೆ ಹೆಚ್ಚು ಇಷ್ಟ, ಚಿತ್ರಕಾರನ ಲೆಕ್ಕಾಚಾರ ಬಯಲಾಗುವುದು ಅಲ್ಲಿಯೇ. ಪಕ್ಕದ ತಿರುಚಿದ ಕಂಬಗಳನ್ನೂ ಅಮೃತಶಿಲೆಯೆಂದು ನಂಬಬೇಡಿ. ಅವು ಬಣ್ಣ ಬೆರೆಸಿ ಹೊಳಪು ಕೊಟ್ಟ ಗಾರೆ. 1709ರಲ್ಲಿ ತೀರಿಕೊಂಡ ಪೊಜ್ಜೊನನ್ನು ಇದೇ ಚರ್ಚಿನಲ್ಲಿ ಸಮಾಧಿ ಮಾಡಲಾಯಿತು.