ಬೆನ್ನು ತೋರಿಸಿ, ವಯಸ್ಸು ಹೇಳುತ್ತೇನೆ

ಕಳೆದ ಸಂಚಿಕೆಯಲ್ಲಿ ಚೀನಾದ ಹಳೆಯ ಕಪಾಟುಗಳ ಬಗ್ಗೆ ಎರಡೇ ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟು ಪತ್ರಗಳು! ನಮ್ಮ ಸೀಮೆಯ ಮನೆಗಳಲ್ಲಿ ಚೀನಾದ ಕಟ್ಟಿಗೆ ಇಷ್ಟೊಂದು ಇದೆಯೇ ಎಂದು ಮೊದಲು ಅಚ್ಚರಿಯಾಯಿತು. ಆಮೇಲೆ ಯೋಚಿಸಿದರೆ, 1956ರವರೆಗೆ ಧಾರವಾಡದ ಕಡೆಯ ನಾವು ಮುಂಬೈ ರಾಜ್ಯದವರೇ ಅಲ್ಲವೇ? ನೌಕರಿ, ವ್ಯಾಪಾರ, ಹರಾಜು ಎಲ್ಲವೂ ಅಲ್ಲಿಯೇ. ಈಗಲೂ ಅಲ್ಲಿಯ ಚೋರ್ ಬಜಾರಿನಿಂದ ಹೊರಟ ಹಳೆಯ ಸಾಮಾನು ಹುಬ್ಬಳ್ಳಿಯಲ್ಲಿ ಇಳಿಯುತ್ತದೆ. ಪತ್ರದೊಡನೆ ಎಲ್ಲರೂ ಫೋಟೋ ಇಟ್ಟಿದ್ದೀರಿ. ಎಲ್ಲವೂ ಮುಂಭಾಗದವೇ. ನಲವತ್ತು ವರ್ಷ ಹಳೆಯ ಕಪಾಟುಗಳನ್ನು ರಿಪೇರಿ ಮಾಡಿದವನಿಗೆ ಮುಂಭಾಗ ಏನನ್ನೂ ಹೇಳುವುದಿಲ್ಲ.

ಕಾಕಾ ಅವರಿಗೆ ನಮಸ್ಕಾರ. ನಮ್ಮ ಮಾವನವರು ಮುಂಬೈಯ ಹರಾಜಿನಲ್ಲಿ ಕೊಂಡ ಚೀನಾ ಕಪಾಟಿಗೆ ಬಿಜಾಗರಿಗಳೇ ಇಲ್ಲ. ಮೇಲೆ ಕಿರಿದು, ಕೆಳಗೆ ಅಗಲ; ಸೊಟ್ಟಗಿದೆ. ಬಾಗಿಲು ತೆರೆದು ಬಿಟ್ಟರೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಇದು ಮನೆಗೆ ಒಳ್ಳೆಯದಲ್ಲ ಎಂದು ಅತ್ತೆಯವರ ಮಾತು. ಬಡಿಗರು ನೆಟ್ಟಗೆ ಮಾಡಿ ಬಿಜಾಗರಿ ಹಾಕಿಕೊಡುತ್ತೇನೆ ಎನ್ನುತ್ತಾರೆ.
— ಓದುಗರು, ಮಾಳಮಡ್ಡಿ, ಧಾರವಾಡ

ಆ ಬಡಿಗರಿಗೆ ಚಹಾ ಕುಡಿಸಿ ಕಳಿಸಿಬಿಡಿ. ಕಪಾಟು ಸೊಟ್ಟಗಾಗಿಲ್ಲ, ಮಾಡಿದ್ದೇ ಹಾಗೆ. ಚೀನೀಯರು ಇದನ್ನು ‘ಯುವಾನ್ ಜಿಯಾವ್ ಗುಯಿ’, ಅಂದರೆ ದುಂಡು ಮೂಲೆಯ ಕಪಾಟು ಎನ್ನುತ್ತಾರೆ. ನಾಲ್ಕೂ ಕಾಲುಗಳು ಮೇಲೆ ಹೋಗುತ್ತ ತುಸು ಒಳಕ್ಕೆ ವಾಲುತ್ತವೆ. ಬಾಗಿಲಿನ ಚೌಕಟ್ಟಿನಿಂದಲೇ ಮೇಲೆ ಒಂದು, ಕೆಳಗೆ ಒಂದು ಕಟ್ಟಿಗೆಯ ಗೂಟ ಮೂಡಿರುತ್ತದೆ. ಅದು ಕುಳಿಯಲ್ಲಿ ಕುಳಿತು ತಿರುಗುತ್ತದೆ. ನಮ್ಮ ಹಳೆಯ ವಾಡೆಗಳ ದೊಡ್ಡ ಬಾಗಿಲುಗಳನ್ನು ನೆನಪಿಸಿಕೊಳ್ಳಿ, ಅದೇ ಉಪಾಯ. ಕಾಲು ವಾಲಿರುವುದರಿಂದ ಬಾಗಿಲು ತಿರುಗುವ ಅಕ್ಷವೂ ವಾಲುತ್ತದೆ, ಬಾಗಿಲು ತನ್ನ ಭಾರಕ್ಕೆ ತಾನೇ ಮರಳಿ ಮುಚ್ಚಿಕೊಳ್ಳುತ್ತದೆ. ತೆಗೆದ ಬಾಗಿಲು ಹಾಕುವ ಶಿಸ್ತು ನಮ್ಮ ಮನೆಯ ಮೊಮ್ಮಕ್ಕಳಿಗೆ ಇನ್ನೂ ಬಂದಿಲ್ಲ. ನಿಮ್ಮ ಕಪಾಟಿಗೆ ಹುಟ್ಟಿನಿಂದಲೇ ಇದೆ ಎಂದು ಅತ್ತೆಯವರಿಗೆ ಹೇಳಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಬಾಗಿಲಿನ ಹಲಗೆಗೆ ಮೊಳೆಯನ್ನಾಗಲಿ ಅಂಟನ್ನಾಗಲಿ ತೋರಿಸಬೇಡಿ. ಆ ಹಲಗೆಯನ್ನು ಚೌಕಟ್ಟಿನಲ್ಲಿ ಕೊರೆದ ತೋಡಿನಲ್ಲಿ ಸಡಿಲವಾಗಿ ಕೂರಿಸಿರುತ್ತಾರೆ, ಕಟ್ಟಿಗೆ ಹಿಗ್ಗಿ ಕುಗ್ಗಲು ಜಾಗ ಇರಲೆಂದು. ಧಾರವಾಡದಲ್ಲಿ ಯುಗಾದಿಯ ಹೊತ್ತಿಗೆ ಹಲಗೆಯ ಅಂಚಿನಲ್ಲಿ ಬಣ್ಣವಿಲ್ಲದ ಒಂದು ಗೆರೆ ಕಾಣಿಸುತ್ತದೆ. ಶ್ರಾವಣದ ಜಿಟಿಜಿಟಿ ಮಳೆಗೆ ಅದು ಮಾಯವಾಗುತ್ತದೆ. ಬಿರುಕು ಬಿಟ್ಟಿತೆಂದು ಅಲ್ಲಿ ಲಾಂಬಿ (ಪುಟ್ಟಿ) ತುಂಬಿದರೆ, ಮಳೆಗಾಲದಲ್ಲಿ ಹಲಗೆಗೆ ಹಿಗ್ಗಲು ಜಾಗವಿಲ್ಲದೆ ಚೌಕಟ್ಟೇ ಸೀಳುತ್ತದೆ. ಆಗ ನಿಜವಾದ ಬಿರುಕು ಬರುತ್ತದೆ.

ಕೆಂಪು ಬಣ್ಣದ, ನಡುವೆ ದೊಡ್ಡ ಹಿತ್ತಾಳೆಯ ಚಕ್ರವಿರುವ ಚೀನಾದ ಮದುವೆ ಕಪಾಟು. 400 ವರ್ಷ ಹಳೆಯದು, ಮಿಂಗ್ ಕಾಲದ್ದು, ‘ಝಿತಾನ್’ ಮರದ್ದು ಎಂದು ವ್ಯಾಪಾರಿ ಹೇಳಿದ್ದಾನೆ. ಬೆಲೆ 85 ಸಾವಿರ. ಹತ್ತು ಸಾವಿರ ಮುಂಗಡ ಕೊಟ್ಟಿದ್ದೇನೆ. ಉಳಿದದ್ದನ್ನು ಕೊಡಲೇ?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ತಡೆಯಿರಿ. ಮಿಂಗ್ ವಂಶ ಮುಗಿದದ್ದು 1644ರಲ್ಲಿ. ಆ ಕಾಲದ ಝಿತಾನ್ ಕಪಾಟು 85 ಸಾವಿರಕ್ಕೆ ಸಿಗುವುದಾದರೆ ನಾನೇ ಹೊಲ ಮಾರಿ ನಾಲ್ಕು ತರುತ್ತೇನೆ. ವ್ಯಾಪಾರಿಗಳು ‘ಮಿಂಗ್’ ಎಂದಾಗ ಬಹಳ ಸಲ ಅದು ಮಿಂಗ್ ಶೈಲಿ ಮಾತ್ರ. ಆ ಶೈಲಿಯನ್ನು ಇಂದಿಗೂ ಮಾಡುತ್ತಾರೆ. ನೀವು ವರ್ಣಿಸಿದಂಥ ಕೆಂಪು ಕಪಾಟುಗಳಲ್ಲಿ ನಿಜವಾಗಿ ಹಳೆಯವು ಸಿಗುತ್ತವೆ. ಅವು ಹೆಚ್ಚಾಗಿ ಉತ್ತರ ಚೀನಾದ ಷಾನ್‌ಶಿ ಕಡೆಯ ಎಲ್ಮ್ ಮರದವು, 1912ಕ್ಕೆ ಮುಗಿದ ಚಿಂಗ್ ವಂಶದ ಕಾಲದ ಕೊನೆಯ ಭಾಗದವು. ಅದೇನೂ ಕೀಳಲ್ಲ. ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ.

ಝಿತಾನ್ ಎಂದರೆ ಯಾವುದೋ ದೂರದ ಮರವೆಂದು ತಿಳಿಯಬೇಡಿ. ಅದು ನಮ್ಮ ನೆರೆಯ ರಾಯಲಸೀಮೆಯ ಗುಡ್ಡಗಳಲ್ಲಿ ಬೆಳೆಯುವ ರಕ್ತಚಂದನ. ಚೀನಾದ ಅರಮನೆಯವರು ಅದನ್ನು ಸಮುದ್ರ ದಾಟಿಸಿ ತರಿಸುತ್ತಿದ್ದರು. ನೀರಿನಲ್ಲಿ ಮುಳುಗುವಷ್ಟು ಭಾರ, ಬಣ್ಣ ಕಪ್ಪಿಗೆ ತಿರುಗಿದ ನೇರಳೆ. ಅಂಥ ಮರ ಕೈಗೆ ಸಿಕ್ಕವನು ಅದರ ಮೇಲೆ ದಪ್ಪ ಕೆಂಪು ಬಳಿಯುತ್ತಾನೆಯೇ?

ಈಗ ಟಾರ್ಚ್ ಹಿಡಿದು ಹೋಗಿ, ಕಪಾಟನ್ನು ಗೋಡೆಯಿಂದ ಸರಿಸಲು ಹೇಳಿ. ಹಿಂದೆ ಪ್ಲೈವುಡ್ ಇದ್ದರೆ ಅಲ್ಲಿಗೆ ಮಾತು ಮುಗಿಯಿತು. ಹಲಗೆಯೇ ಇದ್ದರೆ ಗರಗಸದ ಗೆರೆಗಳನ್ನು ನೋಡಿ. ಕೈಗರಗಸದ ಗೆರೆ ನೇರ, ಏರುಪೇರು. ಯಂತ್ರದ ಚಕ್ರಗರಗಸದ್ದು ಬಿಲ್ಲಿನಂತೆ ಬಾಗಿರುತ್ತದೆ. ನಕ್ಷತ್ರದ ತಲೆಯ ಸ್ಕ್ರೂ ಕಂಡರೆ, ಅದು 1930ರ ದಶಕಕ್ಕಿಂತ ಈಚಿನದು. ರಿಪೇರಿಯ ಸ್ಕ್ರೂ ಎಂದಾನು. ಒಂದೆರಡಾದರೆ ನಂಬಿ, ಇಪ್ಪತ್ತಾದರೆ ಬೇಡ. ಡ್ರಾವರ್ ಇದ್ದರೆ ಪೂರ್ತಿ ಹೊರಗೆಳೆದು ಮಗುಚಿ, ಅಡಿಯ ಅಂಚು ಸವೆದಿದೆಯೇ ಎಂದು ಬೆರಳಿನಿಂದ ಸವರಿ. ನೂರು ವರ್ಷ ಎಳೆದು ನೂಕಿದ ಕಟ್ಟಿಗೆ ಕೈ ತಾಗುವಲ್ಲಿ ಮತ್ತು ಉಜ್ಜುವಲ್ಲಿ ಸವೆಯುತ್ತದೆ. ಎಲ್ಲ ಕಡೆಗೂ ಒಂದೇ ಸಮನೆ ‘ಹಳೆಯದಾಗಿದ್ದರೆ’ ಅದು ಉಸುಕು ಕಾಗದದ ಕೆಲಸ. ಹಳೆಯ ಬಾಗಿಲುಗಳಿಗೆ ಹೊಸ ಮೈ ಕಟ್ಟಿ ಮಾರುವುದೂ ಉಂಟು, ಆದ್ದರಿಂದ ಬಾಗಿಲನ್ನು ನೋಡಿ ಮರುಳಾಗಬೇಡಿ.

ಕೊನೆಗೆ, ಹಿಂಬದಿಯ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯಿಂದ ಬಣ್ಣವನ್ನು ಮೆಲ್ಲಗೆ ಒತ್ತಿ. ಅಂಟಂಟಾಗಿ ಕರಗಿದರೆ ಅದು ಅರಗಿನ ಪಾಲಿಶ್. ನಮ್ಮ ಕಲಘಟಗಿ ತೊಟ್ಟಿಲಿನ ಹೊಳಪು ಹುಳ ಕೊಡುವ ಅರಗಿನದು. ಚೀನಾದ ನಿಜವಾದ ಲ್ಯಾಕರ್ ಮರದ ಹಾಲು. ಅದು ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕೇರಿನ ಕುಟುಂಬದ ಮರ, ಹಸಿಯಾಗಿದ್ದಾಗ ಕೇರಿನಂತೆಯೇ ಚರ್ಮ ಸುಡುತ್ತದೆ. ಒಮ್ಮೆ ಗಟ್ಟಿಯಾಯಿತೆಂದರೆ ಸ್ಪಿರಿಟ್ಟಿಗೆ ಜಗ್ಗುವುದಿಲ್ಲ.

ಇದು ನನಗೆ ಗೊತ್ತಾದದ್ದು ಒಂದು ಕಪಾಟನ್ನು ಕೆಡಿಸಿದ ಮೇಲೆ. ಮೂವತ್ತರ ಹುರುಪಿನಲ್ಲಿ ಒಬ್ಬರ ಮನೆಯ ಕರಿಯ ಚೀನಾ ಕಪಾಟನ್ನು ‘ಹೊಸದಾಗಿ’ ಮಾಡಿಕೊಡಲು ಒಪ್ಪಿದೆ. ಸ್ಪಿರಿಟ್ಟಿಗೆ ಬಣ್ಣ ಬಿಡಲಿಲ್ಲ. ಹಟ ಬಂತು. ನಾಲ್ಕು ದಿನ ಉಳಿ ಹಿಡಿದು ಕೆರೆದೆ. ಬಣ್ಣದ ಅಡಿ ಮಣ್ಣಿನ ಲೇಪ, ಮಣ್ಣಿನ ಅಡಿ ಬಟ್ಟೆ ಬಂತು. ಯಾರೋ ಸೋಮಾರಿ ಬಡಿಗ ಬಿರುಕು ಮುಚ್ಚಲು ಮೆತ್ತಿದ್ದಾನೆ ಎಂದುಕೊಂಡು ಅದನ್ನೂ ಕಿತ್ತು ಹಾಕಿ, ಫ್ರೆಂಚ್ ಪಾಲಿಶ್ ಹೊಡೆದು ಕನ್ನಡಿಯಂತೆ ಮಾಡಿದೆ. ಮನೆಯವರು ಖುಷಿಯಾಗಿ ಐವತ್ತು ರೂಪಾಯಿ ಹೆಚ್ಚು ಕೊಟ್ಟರು. ಆ ಬಟ್ಟೆ, ಆ ಮಣ್ಣೇ ಅದರ ವಯಸ್ಸಿನ ದಾಖಲೆಯಾಗಿತ್ತು ಎಂದು ಮುಂಬೈಯ ಒಬ್ಬ ಹಿರಿಯ ವ್ಯಾಪಾರಿ ನನಗೆ ತಿಳಿಸಿದ್ದು ಆರು ವರ್ಷಗಳ ನಂತರ. ಆ ಐವತ್ತು ರೂಪಾಯಿ ಇಂದಿಗೂ ಚುಚ್ಚುತ್ತದೆ.

ಬೆನ್ನು ಪಾಸಾದರೆ 85 ಸಾವಿರ ಕೊಡಬಹುದು. ಪಾಸಾಗದಿದ್ದರೆ ಮುಂಗಡ ಹೋದರೆ ಹೋಗಲಿ.

ನನ್ನ ಬಳಿ 36 ಚಿಕ್ಕ ಡ್ರಾವರ್‌ಗಳಿರುವ ಚೀನಾ ಔಷಧಿ ಕಪಾಟು ಇದೆ. ಪ್ರತಿ ಡ್ರಾವರಿನ ಮೇಲೂ ಚೀನೀ ಅಕ್ಷರ. ಅಡುಗೆಮನೆಯಲ್ಲಿಟ್ಟು ಮಸಾಲೆ ಸಾಮಾನು ತುಂಬಬೇಕೆಂದು ಆಸೆ.
— ಓದುಗರು, ಬೆಟಗೇರಿ, ಗದಗ

ಆಸೆ ಚೆಂದ, ಆದರೆ ಬೇಡ. ಆ ಅಕ್ಷರಗಳು ಒಳಗಿದ್ದ ಔಷಧಿಗಳ ಹೆಸರು. ಡ್ರಾವರ್ ಎಳೆದರೆ ಒಳಗೆ ಎರಡು ಮೂರು ಖಾನೆಗಳಿರಬೇಕು, ಒಂದೊಂದರಲ್ಲಿ ಒಂದೊಂದು. ಬೇರು, ತೊಗಟೆ, ಒಣ ಹೂವು ಇದ್ದವು, ಸರಿ. ಆದರೆ ಚೀನೀ ವೈದ್ಯದಲ್ಲಿ ಪಾದರಸದ ಇಂಗಲೀಕ, ಶಂಖಪಾಷಾಣದ (ಆರ್ಸೆನಿಕ್ ವಿಷದ) ಕುಲದ ಮಣಿಶಿಲೆ ಕೂಡ ಬಳಕೆಯಲ್ಲಿದ್ದವು. ಯಾವ ಡ್ರಾವರಿನಲ್ಲಿ ಏನಿತ್ತೆಂದು ಯಾರು ಬಲ್ಲರು? ಕಟ್ಟಿಗೆಯ ರಂಧ್ರಕ್ಕೆ ಇಳಿದ ಪುಡಿ ತೊಳೆದರೆ ಹೋಗುವುದಿಲ್ಲ, ತೊಳೆದರೆ ಕಪಾಟು ಮಾತ್ರ ಹಾಳಾಗುತ್ತದೆ. ಲವಂಗ, ಏಲಕ್ಕಿಗೆ ಸ್ಟೀಲ್ ಡಬ್ಬಿಯೇ ಇರಲಿ.

ಗುಂಡಿ, ಸೂಜಿ, ದಾರದ ಉಂಡೆ, ಕೀಲಿಕೈ, ಕನ್ನಡಕ, ವಿದ್ಯುತ್ ಬಿಲ್ಲು, ಇವಕ್ಕೆಲ್ಲ ಅದು ಹೇಳಿ ಮಾಡಿಸಿದಂತಿದೆ. ನಿಮ್ಮೂರಿನ ಹಳೆಯ ಮುದ್ರಣಾಲಯಗಳಲ್ಲಿ ಸೀಸದ ಅಕ್ಷರಗಳನ್ನಿಡುವ ಖಾನೆಗಳನ್ನು ನೋಡಿರುತ್ತೀರಿ. ಅಚ್ಚಿನ ಮೊಳೆ ಜೋಡಿಸುವವರು ಕಣ್ಣು ಮುಚ್ಚಿ ‘ಕ’ ತೆಗೆಯುತ್ತಿದ್ದರು. ನಿಮಗೂ ಆರು ತಿಂಗಳಿನಲ್ಲಿ ಹಾಗೆ ಅಭ್ಯಾಸವಾಗುತ್ತದೆ. ಮೇಲೆ ಕನ್ನಡದ ಚೀಟಿ ಅಂಟಿಸಬೇಡಿ, ಗೋಂದು ಅಕ್ಷರವನ್ನು ಕಿತ್ತುಕೊಂಡು ಬರುತ್ತದೆ. ಒಳಗೆ ಇಡಿ.

ಮುಂಡಗೋಡದಿಂದ ತಂದ, ಡ್ರಾಗನ್ ಚಿತ್ರದ ಬಣ್ಣಬಣ್ಣದ ಕಪಾಟು ಚೀನಾದ ಪುರಾತನ ವಸ್ತುವೇ?
— ಓದುಗರು, ಕೇಶ್ವಾಪುರ, ಹುಬ್ಬಳ್ಳಿ

ಅಲ್ಲ. ಅದು ಟಿಬೆಟ್ ಸಂಪ್ರದಾಯದ್ದು, ಮುಂಡಗೋಡದ ಟಿಬೆಟನ್ ನೆಲೆ ಆರಂಭವಾದದ್ದೇ 1966ರಲ್ಲಿ. ಚಿತ್ರ ನಿಮಗೆ ಹಿಡಿಸಿದ್ದರೆ ಅಷ್ಟು ಸಾಕು. ಬಿಸಿಲು ಬೀಳದ ಗೋಡೆಗೆ ಇಡಿ. ಚೀನಾದ್ದು ಎಂದು ಮಾತ್ರ ಟಿಬೆಟನ್ನರ ಮುಂದೆ ಹೇಳಬೇಡಿ.

ಅಜ್ಜಿಯ ಕಾಲದ ಕರ್ಪೂರದ ಮರದ ಕೆತ್ತನೆ ಪೆಟ್ಟಿಗೆ ಹಾಂಗ್‌ಕಾಂಗಿನದಂತೆ. ಇಳಕಲ್ ಸೀರೆ ಇಡುತ್ತೇವೆ. ಈಗ ವಾಸನೆ ಕಡಿಮೆಯಾಗಿದೆ, ಕೆಳಗೆ ಹಿಟ್ಟಿನಂಥ ಪುಡಿ ಬೀಳುತ್ತಿದೆ. ನುಸಿಗುಳಿಗೆ, ಪೂಜೆಯ ಕರ್ಪೂರ ಎರಡನ್ನೂ ಹಾಕಿದ್ದೇನೆ.
— ಓದುಗರು, ಬ್ಯಾಡಗಿ, ಹಾವೇರಿ ಜಿಲ್ಲೆ

ಎರಡನ್ನೂ ಇಂದೇ ತೆಗೆಯಿರಿ. ನುಸಿಗುಳಿಗೆ ಮತ್ತು ಕರ್ಪೂರ ಒಂದಕ್ಕೊಂದು ತಾಗಿದರೆ ಕರಗಿ ಎಣ್ಣೆಯಂತಾಗುತ್ತವೆ, ಸೀರೆಯ ಮೇಲೆ ಕಲೆ ಉಳಿಯುತ್ತದೆ. ಪೂಜೆಯ ಕರ್ಪೂರವಂತೂ ಈಗ ಬಹುಪಾಲು ಟರ್ಪೆಂಟೈನಿನಿಂದ ಕಾರ್ಖಾನೆಯಲ್ಲಿ ಆಗುವಂಥದ್ದು. ಪೆಟ್ಟಿಗೆಯ ಒಳಮೈಯನ್ನು ನುಣುಪಾದ ಉಸುಕು ಕಾಗದದಿಂದ ಹಗುರವಾಗಿ ಉಜ್ಜಿ. ಮೇಲಿನ ಒಣ ಪದರ ಹೋದರೆ ಕಟ್ಟಿಗೆಯ ವಾಸನೆ ಮರಳುತ್ತದೆ. ಹೊರಗಿನ ಕೆತ್ತನೆಗೆ ಕಾಗದ ತಾಗಿಸಬೇಡಿ. ಸೀರೆಗಳನ್ನು ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ ಸದ್ಯಕ್ಕೆ ಹೊರಗಿಡಿ.

ಇನ್ನು ಪುಡಿ. ಕರ್ಪೂರದ ಮರಕ್ಕೆ ಹುಳ ಸುಲಭವಾಗಿ ಬೀಳುವುದಿಲ್ಲ. ಪೆಟ್ಟಿಗೆಯನ್ನು ಮಗುಚಿ ಕಾಲುಗಳನ್ನು ನೋಡಿ. ಮುರಿದ ಕಾಲಿಗೆ ಬದಲಾಗಿ ಇಲ್ಲಿಯ ಯಾರೋ ಹಗುರ ಕಟ್ಟಿಗೆ ಹಚ್ಚಿರುತ್ತಾರೆ ಎಂದು ನನ್ನ ಊಹೆ. ಹಾಗಿದ್ದರೆ ಆ ಕಾಲುಗಳನ್ನು ಬಿಚ್ಚಿ, ಸಾಗವಾನಿಯವನ್ನು ಹಾಕಿಸಿ. ಅಡಿಯ ಬಣ್ಣವಿಲ್ಲದ ಭಾಗಕ್ಕೆ ಬಿಳಿಗಾರ (ಬೋರಾಕ್ಸ್) ಮೂರು ಪಾಲು, ಕ್ಯಾರಮ್ ಬೋರ್ಡಿಗೆ ಹಾಕುವ ಬೋರಿಕ್ ಪುಡಿ ಎರಡು ಪಾಲು ಬಿಸಿನೀರಿನಲ್ಲಿ ಕರಗಿಸಿ ಕುಂಚದಿಂದ ಎರಡು ಸಲ ಹಚ್ಚಿ, ಮಕ್ಕಳನ್ನು ದೂರವಿಡಿ. ಆಮೇಲೆ ಕಾಲುಗಳ ಕೆಳಗೆ ಕರಿಯ ಕಾಗದ ಹಾಸಿ. ದೀಪಾವಳಿಯವರೆಗೆ ಕಾಗದ ಕರಿಯಾಗಿಯೇ ಉಳಿದರೆ ಸೀರೆಗಳನ್ನು ಒಳಗಿಡಿ. ಬಿಳಿಯ ಚುಕ್ಕೆ ಬಿದ್ದರೆ ಬರೆಯಿರಿ, ಜೊತೆಗೆ ಅಡಿಯ ಫೋಟೋ ಕಳಿಸಿ.